ಸೂರಿನ ಎತ್ತರ

"ಈವ್ ಹೈಟ್ ಅಂತ ಬರ್ದವ್ರಲ್ಲ ಸಾರ್, ಹಂಗಂದ್ರೇನು?"

ಸಾಹುಕಾರರು ಕೇಳಿದ್ದು ಇದೊಂದೇ ಪ್ರಶ್ನೆ. 2007ರ ಮಾರ್ಚ್ ತಿಂಗಳು, ತುಮಕೂರಿನಲ್ಲಿ ಅವರ ಮನೆಯ ಹಜಾರ. ಟೀಪಾಯಿಯ ಮೇಲೆ ಹನ್ನೆರಡು ಪುಟದ ಇಂಗ್ಲಿಷ್ ಕೊಟೇಶನ್, ಪಕ್ಕದಲ್ಲಿ ತಟ್ಟೆ ತುಂಬ ಚಕ್ಕುಲಿ. ನನಗಾಗ ಇಪ್ಪತ್ಮೂರು. ಸಿವಿಲ್ ಡಿಪ್ಲೊಮಾ ಮುಗಿಸಿ, ಉಕ್ಕಿನ ಶೆಡ್ಡು ಮಾಡಿಕೊಡುವ ಕಂಪನಿಯೊಂದಕ್ಕೆ ಸೇರಿ ಐದು ತಿಂಗಳಾಗಿತ್ತು. ಜೊತೆಗೆ ಬಂದಿದ್ದ ಮಾರಾಟದ ಮ್ಯಾನೇಜರಿಗೆ ಕನ್ನಡ ಬರುತ್ತಿರಲಿಲ್ಲ, ಸಾಹುಕಾರರಿಗೆ ಇಂಗ್ಲಿಷ್ ಬೇಕಿರಲಿಲ್ಲ. ನಡುವೆ ನಾನು. ಆ ಪದದ ಅರ್ಥ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ.

"ಎತ್ತರ ಸಾರ್. ಇಪ್ಪತ್ತಡಿ" ಅಂದುಬಿಟ್ಟೆ.

ಕಾಗದದಲ್ಲಿ 6 ಮೀಟರ್ ಅಂತಿತ್ತು. ಅಡಿಗೆ ತಂದರೆ ಇಪ್ಪತ್ತಕ್ಕೆ ನಾಲ್ಕು ಅಂಗುಲ ಕಡಿಮೆ. ಅಷ್ಟರಮಟ್ಟಿಗೆ ಲೆಕ್ಕ ಸರಿಯಾಗಿಯೇ ಇತ್ತು. ಸಾಹುಕಾರರು ಕನ್ನಡಕ ಮೇಲೇರಿಸಿ ಪ್ರತಿ ಪುಟಕ್ಕೂ ಸಹಿ ಹಾಕಿದರು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಪದಗಳ ಅರ್ಥ ಅಚ್ಚಾಗಿತ್ತು. ಅದಕ್ಕೂ ಸಹಿ ಹಾಕಿದರು. ಓದಿದವರು ಯಾರೂ ಇಲ್ಲ, ನಾನೂ ಸೇರಿ.

ಅವರದು ರಟ್ಟಿನ ಡಬ್ಬ ಮಾಡುವ ವ್ಯಾಪಾರ. ಬಾಡಿಗೆ ಗೋಡೌನಿನಲ್ಲಿ ಸಾಕಾಗಿ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ಜಾಗ ತೆಗೆದುಕೊಂಡಿದ್ದರು. 24 ಮೀಟರ್ ಅಗಲ, 60 ಮೀಟರ್ ಉದ್ದದ ಶೆಡ್ಡು, ನಡುವೆ ಒಂದೂ ಕಂಬ ಇರಬಾರದು. ಹಳೆಯ ಗೋಡೌನಿನ ಹದಿನೆಂಟಡಿ ರ‍್ಯಾಕುಗಳನ್ನು ಬಿಚ್ಚಿ ತಂದು ಇಲ್ಲಿ ನಿಲ್ಲಿಸುವುದು ಅವರ ಯೋಚನೆ. "ಎರಡಡಿ ಹೆಚ್ಗೇ ಇಟ್ಕೊಂಡಿದೀನಿ" ಎಂದು ಅವತ್ತೇ ಹೇಳಿದ್ದರು. ಆ ಎರಡಡಿ ಮುಂದೆ ನನ್ನ ನಿದ್ದೆ ಕೆಡಿಸಿತು.

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ಬಡಗಿಯ ಮಗನಾಗಿ. ಅಪ್ಪ ಮನೆಯ ಮಾಡು ಕಟ್ಟುವುದರಲ್ಲಿ ಹೆಸರಾದವನು. ಶಾಲೆಯ ಪುಸ್ತಕದ ಪದಗಳಿಗಿಂತ ಮೊದಲು ನನ್ನ ಕಿವಿಗೆ ಬಿದ್ದದ್ದು ಕಂಬ, ತೊಲೆ, ಪಕಾಸಿ, ರೀಪು, ಸೂರು. ತೊಲೆಯ ಮೇಲೆ ಇಳಿಜಾರಿಗೆ ಪಕಾಸಿ, ಪಕಾಸಿಯ ಮೇಲೆ ಅಡ್ಡಕ್ಕೆ ರೀಪು, ರೀಪಿನ ಮೇಲೆ ಹೆಂಚು, ಹೆಂಚಿನ ಕೊನೆ ಸೂರು. ಆ ಹೆಂಚೂ ಒಂಥರಾ ಕಾರ್ಖಾನೆಯ ಪದಾರ್ಥವೇ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗಿನಿಂದ ಒಂದರಂತೆ ಇನ್ನೊಂದು, ಒಂದರ ತುಟಿಗೆ ಇನ್ನೊಂದರ ತುಟಿ ಕೂರುವ ಹೆಂಚು ಘಟ್ಟ ಹತ್ತಿ ಬಂದು, ಮಲೆನಾಡಿನ ಬಡಗಿಗಳು ರೀಪಿನ ಅಂತರವನ್ನು ಅದರ ಅಳತೆಗೆ ಹೊಂದಿಸಿಕೊಳ್ಳಬೇಕಾಯಿತು. ಇದೆಲ್ಲ ಗೊತ್ತಿದ್ದೂ ಕೆಲಸಕ್ಕೆ ಸೇರಿದ ದಿನ ಡ್ರಾಯಿಂಗು ನೋಡಿ ನಾನು ಕಣ್ಕಣ್ಣು ಬಿಟ್ಟೆ. ರಾಫ್ಟರ್, ಪರ್ಲಿನ್, ಗರ್ಟ್, ಈವ್ ಸ್ಟ್ರಟ್, ಫ್ಲೇಂಜ್ ಬ್ರೇಸ್, ಸ್ಯಾಗ್ ರಾಡ್. ಡಿಪ್ಲೊಮಾದಲ್ಲಿ ಅರ್ಧ ಕೇಳಿದ್ದೆ, ಅರ್ಧ ಕೇಳಿರಲಿಲ್ಲ.

ಕಟ್ಟಡದ ಹೆಸರೇ ಗೊಂದಲದ್ದು. ಕಂಪನಿಯವರು ಪಿಇಬಿ ಅನ್ನುತ್ತಾರೆ, ಪ್ರಿ-ಎಂಜಿನಿಯರ್ಡ್ ಬಿಲ್ಡಿಂಗ್. ಅಮೆರಿಕದಲ್ಲಿ ಈ ಹೆಸರು ಹುಟ್ಟಿದಾಗ ಅದಕ್ಕೆ ಅರ್ಥವಿತ್ತು. ಇಂತಿಷ್ಟು ಅಗಲ, ಇಂತಿಷ್ಟು ಎತ್ತರಕ್ಕೆ ಲೆಕ್ಕವನ್ನು ಮೊದಲೇ ಮಾಡಿಟ್ಟು, ಗಿರಾಕಿ ಬಂದಾಗ ಪಟ್ಟಿಯಿಂದ ತೆಗೆದು ಕೊಡುತ್ತಿದ್ದರು. ಈಗ ಪ್ರತಿ ಕಟ್ಟಡಕ್ಕೂ ಕಂಪ್ಯೂಟರಿನಲ್ಲಿ ಹೊಸದಾಗಿ ಲೆಕ್ಕ ಹಾಕುತ್ತಾರೆ. 'ಮೊದಲೇ' ಎಂಬುದು ಹೆಸರಿನಲ್ಲಷ್ಟೇ ಉಳಿದಿದೆ. ಸರ್ಕಾರಿ ಕನ್ನಡದಲ್ಲಿ 'ಪೂರ್ವನಿರ್ಮಿತ ಉಕ್ಕಿನ ಕಟ್ಟಡ' ಎಂದು ಒಂದು ಅರ್ಜಿಯಲ್ಲಿ ನಾನೇ ಬರೆದಿದ್ದೇನೆ, ಬಾಯಲ್ಲಿ ಒಮ್ಮೆಯೂ ಹೇಳಿಲ್ಲ. ಊರಿನವರಿಗೆ ಇದೆಲ್ಲ ತಗಡಿನ ಶೆಡ್ಡು. ನನಗೂ ಒಳಗೊಳಗೆ ಹಾಗೇ.

ಅಡಿಪಾಯದ ಕೆಲಸಕ್ಕೆ ಜೂನಿನಲ್ಲಿ ದಾಬಸ್‌ಪೇಟೆಗೆ ಬಂದು ಒಂದು ರೂಮು ಹಿಡಿದೆ. ಮೊದಲ ಪಾಠ ಆ್ಯಂಕರ್ ಬೋಲ್ಟಿನದು. ಕಾಂಕ್ರೀಟಿನೊಳಗೆ ಹೂತು, ತಲೆಯನ್ನಷ್ಟೇ ಮೇಲೆ ಚಾಚಿ ನಿಲ್ಲುವ ಬೋಲ್ಟು ಇದು. ಕಂಬದ ಬುಡದಲ್ಲಿರುವ ಬೇಸ್ ಪ್ಲೇಟಿನ ತೂತುಗಳು ಇದರ ಮೇಲೆ ಬಂದು ಕೂರಬೇಕು. ಪಕ್ಕದ ಕಂಬ ಹದಿನೆಂಟು, ಒಂದಕ್ಕೆ ನಾಲ್ಕು, ಒಟ್ಟು ಎಪ್ಪತ್ತೆರಡು ಬೋಲ್ಟು. ಕಂಬ ಅದೇ ಹೊತ್ತಿಗೆ ಎಲ್ಲೋ ದೂರದ ಕಾರ್ಖಾನೆಯಲ್ಲಿ ತಯಾರಾಗುತ್ತಿರುತ್ತದೆ. ಇಲ್ಲಿಯ ಮೇಸ್ತ್ರಿ ಅದನ್ನು ನೋಡಿಲ್ಲ, ಅಲ್ಲಿಯ ವೆಲ್ಡರ್ ಈ ಗುಂಡಿ ನೋಡಿಲ್ಲ. ಇಬ್ಬರನ್ನೂ ಕೂಡಿಸುವುದು ಒಂದು ಕಾಗದ. ಇಟ್ಟಿಗೆ ಗೋಡೆಯಲ್ಲಿ ಅರ್ಧ ಅಂಗುಲ ಆಚೀಚೆಯಾದರೆ ಗಾರೆ ಮುಚ್ಚುತ್ತದೆ. ಇಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ.

ಆ ಕಾಗದದಲ್ಲಿ ಎಲ್ಲ ಅಳತೆಯೂ ಶುರುವಾಗುವುದು ಸ್ಟೀಲ್ ಲೈನ್ ಎಂಬ ಗೆರೆಯಿಂದ. ನೆಲದ ಮೇಲೆ ಅಂಥ ಗೆರೆ ಇರುವುದಿಲ್ಲ. ಹೊರಗೋಡೆಯ ತಗಡು ಎಲ್ಲಿ ಉಕ್ಕಿಗೆ ತಾಗುತ್ತದೋ ಅದು ಸ್ಟೀಲ್ ಲೈನ್. ಕಟ್ಟಡ 24 ಮೀಟರ್ ಅಗಲ ಎಂದರೆ ಈ ಪಕ್ಕದ ಸ್ಟೀಲ್ ಲೈನಿನಿಂದ ಆ ಪಕ್ಕದ ಸ್ಟೀಲ್ ಲೈನಿಗೆ. ನಮ್ಮ ಮೇಸ್ತ್ರಿ ಇಪ್ಪತ್ತು ವರ್ಷ ಮನೆ ಕಟ್ಟಿದವರು; ಕಂಬದ ನಡುವಿನಿಂದ ಕಂಬದ ನಡುವಿಗೆ ಅಳೆದೇ ಅವರಿಗೆ ಅಭ್ಯಾಸ. ಕಾಂಕ್ರೀಟು ಹಾಕುವ ಹಿಂದಿನ ಸಂಜೆ ಸುಮ್ಮನೆ ದಾರ ಹಿಡಿದು ಮೂಲೆಯಿಂದ ಮೂಲೆಗೆ ಅಳೆದೆ, ಲೆಕ್ಕ ಕೂಡಲಿಲ್ಲ. ಮೇಸ್ತ್ರಿ ಬಂದು ನೋಡಿ, ಬೀಡಿ ಹಚ್ಚಿ, "ಲೈನು ಅಂದ್ರೆ ನಡು ಅಂದ್ಕಂಡೆ" ಅಂದರು. ರಾತ್ರಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಎಲ್ಲವನ್ನೂ ಮತ್ತೆ ಸರಿಸಿದೆವು. ಅವರ ಮೇಲೆ ನಾನು ಸಿಟ್ಟಾದೆ. ಸಾಹುಕಾರರ ಹಜಾರದಲ್ಲಿ ನಾನು ಮಾಡಿದ್ದೂ ಇದೇ ಎಂಬುದು ಅವತ್ತು ಹೊಳೆಯಲಿಲ್ಲ.

ಜುಲೈ ಮೊದಲ ವಾರ ಟ್ರೈಲರುಗಳಲ್ಲಿ ಉಕ್ಕು ಬಂತು. ಜೊತೆಗೆ ಮಾಲ್ದಾ ಕಡೆಯ ಹದಿನಾಲ್ಕು ಜನ ಎರೆಕ್ಷನ್ ಕೆಲಸಗಾರರು, ಅವರಿಗೊಬ್ಬ ಫೋರ್‌ಮನ್. ಎಲ್ಲರೂ ಅವನನ್ನು ದಾದಾ ಎನ್ನುತ್ತಿದ್ದರು, ನಾನೂ ಅಂದೆ. ದಾದಾನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಪ್ರತಿ ತುಂಡಿನ ಮೇಲೆ ಬರೆದಿದ್ದ ಗುರುತು ಬರುತ್ತಿತ್ತು. ಸಿ-1, ಆರ್‌ಎಫ್-3, ಪಿ-12. ಲಾರಿಯಿಂದ ಇಳಿಸುವಾಗಲೇ ಯಾವುದು ಮೊದಲು ಏರಬೇಕೋ ಅದು ಮೇಲೆ ಬರುವ ಹಾಗೆ ಅಡಕುತ್ತಿದ್ದ. ಅಡಿಯಲ್ಲಿದ್ದದ್ದು ಮೊದಲು ಬೇಕಾದರೆ ಹೈಡ್ರಾ ಕ್ರೇನಿಗೆ ಅರ್ಧ ದಿನದ ಬಾಡಿಗೆ ದಂಡ.

ನೋಟ್‌ಬುಕ್ಕಿನಲ್ಲಿ ನಾನು ಎರಡು ಸಾಲು ಹಾಕಿಕೊಂಡಿದ್ದೆ, ಎಡಕ್ಕೆ ಡ್ರಾಯಿಂಗಿನ ಪದ, ಬಲಕ್ಕೆ ಅಪ್ಪನ ಪದ. ರಾಫ್ಟರ್ ಎದುರಿಗೆ ಪಕಾಸಿ. ಪರ್ಲಿನ್ ಎದುರಿಗೆ ರೀಪು. ಎರಡೂ ಇಳಿಜಾರಿಗೆ ಅಡ್ಡಲಾಗಿ ಓಡುತ್ತವೆ, ಎರಡೂ ಮೇಲಿನ ಹೊದಿಕೆಯನ್ನು ಹೊರುತ್ತವೆ. ಆದರೆ ಪರ್ಲಿನ್ ಎಂಬುದು ತೆಳ್ಳನೆ ಉಕ್ಕಿನ ಹಾಳೆಯನ್ನು ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ಮಡಿಸಿದ್ದು. ಝಡ್ ಯಾಕೆ ಎಂದು ಕೇಳಿದ್ದಕ್ಕೆ ದಾದಾ ಎರಡು ಪರ್ಲಿನ್ ತೆಗೆದು ಒಂದರೊಳಗೆ ಒಂದನ್ನು ಕೂರಿಸಿ ತೋರಿಸಿದ. ಪ್ರತಿ ರಾಫ್ಟರಿನ ಮೇಲೂ ಒಂದು ಪರ್ಲಿನ್ನಿನ ತುದಿ ಇನ್ನೊಂದರ ತುದಿಯ ಮೇಲೆ ಹಾಸುತ್ತದೆ. ಇದಕ್ಕೆ ಲ್ಯಾಪ್ ಅನ್ನುತ್ತಾರೆ. ಹೆಚ್ಚು ಬಾಗುವ ಶಕ್ತಿ ಬೀಳುವುದೂ ಆ ರಾಫ್ಟರಿನ ಮೇಲೆಯೇ. ಅಲ್ಲೇ ಉಕ್ಕು ಎರಡು ಪದರ ಆಗುತ್ತದೆ, ಖರ್ಚಿಲ್ಲದೆ. ಗರ್ಟ್ ಎಂದರೆ ಗೋಡೆಯ ಪರ್ಲಿನ್. ಅಪ್ಪನ ಕಡೆ ಗೋಡೆ ಮಣ್ಣಿನದು, ಹಾಗಾಗಿ ಪದವಿಲ್ಲ. ಸೊಂಟಕ್ಕೆ ಸುತ್ತುವುದಕ್ಕೆ ಇಂಗ್ಲಿಷಿನಲ್ಲಿರುವ ಪದದ ಬಳಗವೇ ಅದು ಎಂದು ಆಮೇಲೆ ಗೊತ್ತಾಗಿ, ಎದುರಿಗೆ 'ಉಡಿದಾರ' ಎಂದು ಬರೆದೆ. ಈವ್ ಸ್ಟ್ರಟ್ ಎಂದರೆ ಗೋಡೆ ಮಾಡನ್ನು ಸೇರುವ ಅಂಚಿನಲ್ಲಿ ಕಟ್ಟಡದ ಉದ್ದಕ್ಕೂ ಓಡುವ ಪಟ್ಟಿ. ಈವ್ ಎಂದರೆ ಸೂರು. ಅದನ್ನು ಬರೆದುಕೊಂಡಾಗಲೂ ಹಜಾರದ ಪ್ರಶ್ನೆ ನೆನಪಿಗೆ ಬರಲಿಲ್ಲ ನೋಡಿ. ಪದ ಒಂದು ಪುಟದಲ್ಲಿ, ತಪ್ಪು ಇನ್ನೊಂದು ಪುಟದಲ್ಲಿ.

ಬಲಗಡೆ ಏನೂ ಬರೆಯಲಾಗದೆ ಖಾಲಿ ಉಳಿದದ್ದು ಫ್ಲೇಂಜ್ ಬ್ರೇಸ್. ರಾಫ್ಟರು ಐ ಆಕಾರದ್ದು. ಮೇಲೆ ಕೆಳಗೆ ಅಡ್ಡಪಟ್ಟಿ, ಅವು ಫ್ಲೇಂಜ್. ನಡುವೆ ನಿಂತ ತೆಳುಹಾಳೆ ವೆಬ್. ಮೇಲಿನ ಫ್ಲೇಂಜನ್ನು ಪರ್ಲಿನ್ನುಗಳು ಹಿಡಿದಿರುತ್ತವೆ. ಕೆಳಗಿನದು ಗಾಳಿಯಲ್ಲಿ ಅನಾಥ. ಅದನ್ನು ಪರ್ಲಿನ್ನಿಗೆ ಓರೆಯಾಗಿ ಕಟ್ಟುವ ಮೊಳದುದ್ದದ ಕೋನಪಟ್ಟಿಯೇ ಫ್ಲೇಂಜ್ ಬ್ರೇಸ್. ನೋಡಲು ಏನೂ ಅಲ್ಲ. ಎಲ್ಲ ಸೈಟಿನಲ್ಲೂ ಕೊನೆಗೆ ಒಂದು ಗೋಣಿಚೀಲ ಫ್ಲೇಂಜ್ ಬ್ರೇಸು ಮಿಕ್ಕಿರುತ್ತದೆ, ಅದನ್ನು ಕಂಡರೆ ಎಂಜಿನಿಯರಿಗೆ ಎದೆ ಝಲ್ಲೆನ್ನಬೇಕು. ಯಾಕೆಂದರೆ ಮಾಡಿನ ಮೇಲೆ ಬೀಳುವ ಭಾರವಷ್ಟೇ ಶತ್ರುವಲ್ಲ. ಬೆಂಗಳೂರಿನ ಸೀಮೆಗೆ ನಮ್ಮ ದೇಶದ ಸಂಹಿತೆ ಹಿಡಿಯುವ ಗಾಳಿಯ ಮೂಲವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಆ ಗಾಳಿ ಮಾಡಿನ ಮೇಲೆ ಹಾಯುವಾಗ ಒತ್ತುವುದಕ್ಕಿಂತ ಹೆಚ್ಚಾಗಿ ಹೀರುತ್ತದೆ. ಹೆಂಚಿನ ಮಾಡು ತನ್ನ ತೂಕದಿಂದಲೇ ಕೂತಿರುತ್ತದೆ. ತಗಡಿನ ಮಾಡು ಎದ್ದು ಹೋಗಲು ನೋಡುತ್ತದೆ. ಆಗ ರಾಫ್ಟರು ಮೇಲ್ಮುಖವಾಗಿ ಬಾಗಿ, ಕೆಳಗಿನ ಫ್ಲೇಂಜ್ ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಸೊಟ್ಟಗಾಗುತ್ತದೆ. ಆ ಮೊಳದುದ್ದದ ಪಟ್ಟಿ ಹಿಡಿಯುವುದು ಅದನ್ನು.

ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ. ನಂಬಿದ್ದು ಒಂದು ಮಧ್ಯಾಹ್ನ. ದಾಬಸ್‌ಪೇಟೆಯ ಮಳೆಗಾಲದ ಗಾಳಿ ಗೊತ್ತಿದ್ದವರಿಗೆ ಗೊತ್ತು. ಶಿವಗಂಗೆಯ ಬೆಟ್ಟದ ಕಡೆಯಿಂದ ಬಯಲಿಗೆ ಬಿದ್ದರೆ ಲುಂಗಿ ಉಟ್ಟವರು ಎರಡೂ ಕೈಯಲ್ಲಿ ಹಿಡಿದು ನಡೆಯಬೇಕು. ಮೊದಲ ಎರಡು ಫ್ರೇಮು ನಿಲ್ಲಿಸಿದ್ದೆವು. ಫ್ರೇಮು ಎಂದರೆ ಎರಡು ಕಂಬ, ಅವುಗಳ ಮೇಲೆ ಎರಡು ಕಡೆಯಿಂದ ಬಂದು ನೆತ್ತಿಯಲ್ಲಿ ಸೇರುವ ರಾಫ್ಟರು. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಏಳೂವರೆ ಮೀಟರ್, ಆ ಅಂತರವೇ ಬೇ. ಫ್ರೇಮು ತನ್ನ ಅಗಲದ ದಿಕ್ಕಿನಲ್ಲಿ ಗಟ್ಟಿ, ಉದ್ದದ ದಿಕ್ಕಿನಲ್ಲಿ ಇಸ್ಪೀಟಿನ ಎಲೆ. ಅದಕ್ಕೇ ಎರಡು ಫ್ರೇಮುಗಳ ನಡುವೆ ಗೋಡೆಗೂ ಮಾಡಿಗೂ ಗುಣಾಕಾರದ ಗುರುತಿನಂತೆ ಸರಳು ಕಟ್ಟಿ ಬಿಗಿಯುತ್ತಾರೆ. ಅದು ಬ್ರೇಸಿಂಗ್. ಬ್ರೇಸಿಂಗ್ ಇರುವ ಬೇಯನ್ನು ಮೊದಲು ಮುಗಿಸಿ, ಉಳಿದ ಫ್ರೇಮುಗಳನ್ನು ಅದಕ್ಕೆ ಒರಗಿಸಿಕೊಂಡು ಹೋಗುವುದು ಕ್ರಮ. ಸಂಜೆಯ ಹೊತ್ತಿಗೆ ಮೂರನೇ ಫ್ರೇಮೂ ಎದ್ದರೆ ಕ್ರೇನಿನ ಒಂದು ದಿನ ಉಳಿಯುತ್ತದೆಂದು ನಾನು ಅವಸರ ಮಾಡಿದೆ. ದಾದಾ ಮಾತಾಡಲಿಲ್ಲ. ನನ್ನ ಕೈ ಹಿಡಿದು ಎರಡನೇ ಕಂಬದ ಹತ್ತಿರ ಕರೆದೊಯ್ದು, ಅಂಗೈಯನ್ನು ಉಕ್ಕಿಗೆ ಒತ್ತಿದ. ಕಂಬ ಉಸಿರಾಡುತ್ತಿತ್ತು. ಬುಡದಲ್ಲಿ ತಿಳಿಯದಷ್ಟು, ತಲೆಯೆತ್ತಿ ನೋಡಿದರೆ ನೆತ್ತಿಯಲ್ಲಿ ಒಂದು ಗೇಣು ಅತ್ತಿತ್ತ. ಅವತ್ತು ಕತ್ತಲಾಗುವವರೆಗೆ ಕ್ರೇನನ್ನು ಬಿಡದೆ ಸರಳು ಕಟ್ಟಿಸಿದ. ಬಾಡಿಗೆ ಹೆಚ್ಚಾಯಿತೆಂದು ಆಫೀಸಿನಿಂದ ನನಗೆ ಬೈಗುಳ ಬಂತು. ಅದನ್ನು ಸಂತೋಷದಿಂದ ಕೇಳಿಸಿಕೊಂಡೆ.

ಬೋಲ್ಟಿನ ತಲೆಯ ಮೇಲಿನ 8.8 ಎಂಬ ಅಂಕಿಯನ್ನು ಓದಲು ಕಲಿತದ್ದೂ ಆ ದಿನಗಳಲ್ಲೇ. ಮೊದಲ ಎಂಟು, ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆದರೆ ಹರಿಯುತ್ತದೆ ಎಂದು. ಚುಕ್ಕಿಯ ಆಚೆಯ ಎಂಟು, ಅದರ ನೂರಕ್ಕೆ 80ರಷ್ಟಕ್ಕೇ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುಮಾಡುತ್ತದೆ ಎಂದು. ಹುಡುಗರು ಸ್ಪ್ಯಾನರಿನಲ್ಲಿ ಬಿಗಿದು, ನಟ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಆಮೇಲೆ ಇಂತಿಷ್ಟು ಸುತ್ತು ಮತ್ತೆ ತಿರುಗಿಸುತ್ತಿದ್ದರು. ಕೆಳಗಿನಿಂದ ಬೈನಾಕ್ಯುಲರ್ ಹಿಡಿದು ನಾನು ಸೀಮೆಸುಣ್ಣದ ಗೆರೆ ಎಣಿಸುತ್ತಿದ್ದೆ. ಊರಿನ ಹುಡುಗರು ನಾನು ಹಕ್ಕಿ ನೋಡುವವನೆಂದುಕೊಂಡಿದ್ದರು.

ಆಷಾಢದ ಕೊನೆಗೆ ಅಪ್ಪ ಬಂದ. ಆಷಾಢದಲ್ಲಿ ಯಾರೂ ಹೊಸ ಮನೆಯ ಕೆಲಸ ಹಿಡಿಯುವುದಿಲ್ಲ, ಬಡಗಿಯ ಕೈ ಖಾಲಿ. ಬಸ್ ಸ್ಟ್ಯಾಂಡಿನಿಂದ ನೇರ ಸೈಟಿಗೆ ಕರೆದುಕೊಂಡು ಹೋದೆ. ಒಂಬತ್ತೂ ಫ್ರೇಮು ನಿಂತಿದ್ದವು, ತಗಡು ಇನ್ನೂ ಏರಿರಲಿಲ್ಲ. ಅಪ್ಪ ಗೇಟಿನಲ್ಲೇ ನಿಂತು ಬಹಳ ಹೊತ್ತು ನೋಡಿದ. ಹೆಮ್ಮೆಯ ಒಂದು ಮಾತಿಗೆ ನಾನು ಕಾಯುತ್ತಿದ್ದೆ.

"ಎಂಥದಾ ಇದು, ಕಂಬಾನೆಲ್ಲ ತಲೆಕೆಳಗು ನೆಟ್ಟಿದೀರಿ?"

ನಿಜ. ನಮ್ಮ ಕಂಬಗಳು ಬುಡದಲ್ಲಿ ಒಂದಡಿ ಅಗಲ, ಮೇಲೆ ಹೋದಂತೆ ಎರಡೂವರೆ ಅಡಿ. ಮರದ ಬುಡ ಕೆಳಗೇ ಬರಬೇಕು, ತುದಿ ಮೇಲೇ ಹೋಗಬೇಕು, ತಿರುಗುಮುರುಗಾದರೆ ಮನೆಗೆ ಒಳ್ಳೆಯದಲ್ಲ ಎಂಬುದು ಅಪ್ಪ ತಪ್ಪದೆ ಪಾಲಿಸಿದ ನಿಯಮ. ನಾನು ಪುಸ್ತಕದ ಭಾಷೆಯಲ್ಲಿ ಶುರುಮಾಡಿದೆ, ನಡುವೆಯೇ ಬಿಟ್ಟೆ. ಕುಕ್ಕರಗಾಲಿನಲ್ಲಿ ಕೂತು ತೋರಿಸಿದೆ. ಹೊರೆ ಹೊತ್ತು ಅರ್ಧ ಬಾಗಿ ನಿಂತರೆ ನೋವು ಎಲ್ಲಿ? ಮಂಡಿಯಲ್ಲಿ. ಪಾದದಲ್ಲಿ ಅಲ್ಲ. ಈ ಫ್ರೇಮಿಗೂ ಹಾಗೆ. ಮಾಡಿನ ಭಾರ ಎರಡು ಕಂಬಗಳ ತಲೆಯನ್ನು ಹೊರಕ್ಕೆ ದಬ್ಬುತ್ತದೆ, ಕಂಬ ಮತ್ತು ರಾಫ್ಟರು ಸೇರುವ ಮೂಲೆ ಮಡಚಿಕೊಳ್ಳಲು ನೋಡುತ್ತದೆ. ಇಂಗ್ಲಿಷಿನಲ್ಲೂ ಅದಕ್ಕೆ ಮಂಡಿ ಎಂದೇ ಹೆಸರು. ಉಕ್ಕು ಬೇಕಾದ್ದು ಅಲ್ಲಿ. ಬುಡವನ್ನು ಬಾಗಿಲಿನ ಕೀಲಿನ ಹಾಗೆ ತಿರುಗಲು ಬಿಟ್ಟಿರುತ್ತೇವೆ, ಅಲ್ಲಿ ಬಾಗಿಸುವ ಶಕ್ತಿಯೇ ಇಲ್ಲ, ಅದಕ್ಕೇ ಸಣ್ಣ.

ಅಪ್ಪ ಎದ್ದು ಹೋಗಿ ರಾಫ್ಟರಿನ ಓರೆಯನ್ನು ಕಣ್ಣಿನಲ್ಲೇ ಅಳೆದ. ಮಂಡಿಯಲ್ಲಿ ದಪ್ಪ, ಆಮೇಲೆ ತೆಳ್ಳಗೆ. "ನೊಗದ ಲೆಕ್ಕ ಕಣಾ" ಅಂದ. "ನೊಗ ನಡುವಲ್ಲಿ ದಪ್ಪ, ತುದೀಲಿ ಸಣ್ಣ. ಎಲ್ಲಿ ಜಗ್ತದೋ ಅಲ್ಲಿ ಮರ ಬಿಡೋದು, ಉಳಿದ ಕಡೆ ಕೆತ್ತೋದು." ನಾಲ್ಕು ತಿಂಗಳು ನನಗೆ ಅರ್ಥವಾಗದಿದ್ದ ನಕ್ಷೆಯನ್ನು ಅವನು ಎತ್ತಿನ ಕೊರಳಿನಿಂದ ಬಿಡಿಸಿದ್ದ. ತುಂಡುಗಳ ಮೇಲಿನ ಗುರುತು ನೋಡಿ ಮಾತ್ರ ಅವನಿಗೆ ಆಶ್ಚರ್ಯವಾಗಲಿಲ್ಲ. ಅವನೂ ಮರವನ್ನೆಲ್ಲ ಅಂಗಳದಲ್ಲೇ ಕೊರೆದು, ಜೋಡಿಸಿ ನೋಡಿ, ಉಳಿಯಲ್ಲಿ ಒಂದು ಗೀರು, ಎರಡು ಗೀರು ಹಾಕಿ ಬಿಚ್ಚಿಟ್ಟು, ಮುಹೂರ್ತದ ದಿನ ಒಂದೇ ಹೊತ್ತಿನಲ್ಲಿ ಏರಿಸುತ್ತಿದ್ದವನು. "ನಿಮ್ದು ಅಂಗಳ ದೂರ ಇದೆ, ಅಷ್ಟೆ" ಎಂದ.

ಮಾರನೇ ದಿನ ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ಸಮಯ, ಗಾಜಿನಮನೆಯ ತುಂಬ ಹೂವು. ಅಪ್ಪ ಹೂವನ್ನು ನೋಡಲೇ ಇಲ್ಲ. 1889ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡದ ಎರಕದ ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ, ತುಂಡು ತುಂಡಾಗಿ. ಅಪ್ಪ ಕಂಬವೊಂದರ ಸಂದಿಯಲ್ಲಿ ಬೆರಳಾಡಿಸುತ್ತ ನಿಂತ. ಹಿಂದಿನಿಂದ ಜನ ತಳ್ಳುತ್ತಿದ್ದರು, ಕಾವಲುಗಾರ ಸೀಟಿ ಊದಿದ. "ಇಲ್ಲಿ ಕಂಬ ನೆಟ್ಟಗಿದೆ" ಎಂದು ನನ್ನನ್ನು ನೋಡಿ ನಕ್ಕ.

ತಗಡಿನ ಕೆಲಸ ಬೇಗ ಮುಗಿಯಿತು. ಅದರ ಬಗ್ಗೆ ಹೇಳುವುದೂ ಹೆಚ್ಚಿಲ್ಲ. ಗ್ಯಾಲ್ವಲ್ಯೂಮ್ ಎನ್ನುವ ಆ ಹಾಳೆಯ ಲೇಪದಲ್ಲಿ ನೂರಕ್ಕೆ 55 ಪಾಲು ಅಲ್ಯೂಮಿನಿಯಂ, ಉಳಿದದ್ದು ಸತು, ಚೂರು ಸಿಲಿಕಾನ್. ಉಕ್ಕಿನ ದಪ್ಪ ಅರ್ಧ ಮಿಲಿಮೀಟರೂ ಇಲ್ಲ. ಸ್ಕ್ರೂವಿನ ತಲೆಯಡಿಯ ರಬ್ಬರಿನ ಬಿಲ್ಲೆಯನ್ನು ಕಡಿಮೆ ಒತ್ತಿದರೂ ಸೋರುತ್ತದೆ, ಹೆಚ್ಚು ಒತ್ತಿ ಹಪ್ಪಳ ಮಾಡಿದರೂ ಸೋರುತ್ತದೆ. ತೂತು ಕೊರೆದಾಗ ಉದುರುವ ಕಬ್ಬಿಣದ ಪುಡಿಯನ್ನು ಅವತ್ತೇ ಗುಡಿಸದಿದ್ದರೆ ಒಂದು ಮಳೆಗೆ ಮಾಡಿನ ತುಂಬ ತುಕ್ಕಿನ ಚುಕ್ಕೆ. ದಿನವೂ ಸಂಜೆ ಮಾಡಿನ ಮೇಲೆ ಪೊರಕೆ ಹಿಡಿದು ಗುಡಿಸಿದ ಎಂಜಿನಿಯರ್ ಆ ಇಡೀ ಪ್ರದೇಶದಲ್ಲಿ ನಾನೊಬ್ಬನೇ ಇರಬೇಕು. ಗುಡಿಸುತ್ತ ನೆತ್ತಿಗೆ ಬಂದು ಕೂತರೆ ಎದುರಿಗೆ ಶಿವಗಂಗೆ.

ಅಕ್ಟೋಬರಿನಲ್ಲಿ ಆಯುಧಪೂಜೆಗೆ ಮೊದಲು ಸಾಮಾನು ಬರಲಿ ಎಂದು ಸಾಹುಕಾರರು ರ‍್ಯಾಕು ತರಿಸಿದರು. ಮೊದಲನೆಯದು ಸಲೀಸಾಗಿ ನಿಂತಿತು. ಎರಡು ಫ್ರೇಮುಗಳ ನಡುವೆ, ಪರ್ಲಿನ್ನುಗಳ ಕೆಳಗೆ, ಒಂದಡಿ ಜಾಗ ಬಿಟ್ಟು. ಎರಡನೆಯದನ್ನು ಫ್ರೇಮಿನ ಅಡಿಗೆ ತಂದು ಎತ್ತಿ ನಿಲ್ಲಿಸುವಾಗ ಟಣ್ ಎಂದು ಸದ್ದಾಯಿತು. ಹುಡುಗರು ಇನ್ನೊಮ್ಮೆ ಎತ್ತಿದರು. ಮತ್ತೆ ಟಣ್.

ಟೇಪು ತರಿಸಿದರು. ನೆಲದಿಂದ ಮಂಡಿಯ ಅಡಿಗೆ ಹದಿನಾರೂವರೆ ಅಡಿ.

ಎಲ್ಲರೂ ನನ್ನತ್ತ ನೋಡಿದರು. ನಾನು ಮನಸ್ಸಿನಲ್ಲೇ ಕಳೆಯುತ್ತಿದ್ದೆ. ಈವ್ ಹೈಟ್ 6 ಮೀಟರ್. ಅದನ್ನು ಅಳೆಯುವುದು ಈವ್ ಸ್ಟ್ರಟ್ಟಿನ ನೆತ್ತಿಯವರೆಗೆ, ಅಂದರೆ ಹೊರಗೆ ನಿಂತವನಿಗೆ ಕಾಣುವ ಸೂರಿನವರೆಗೆ. ಅದರಲ್ಲಿ ಪರ್ಲಿನ್ನಿಗೆ 200 ಮಿಲಿಮೀಟರ್ ಹೋಯಿತು, ಮಂಡಿಯ ದಪ್ಪಕ್ಕೆ 750 ಹೋಯಿತು. ಉಳಿದದ್ದು 5 ಮೀಟರಿಗೆ ಎರಡು ಬೆರಳು ಮೇಲೆ. ಅದಕ್ಕೆ ಬೇರೆಯದೇ ಹೆಸರಿದೆ, ಕ್ಲಿಯರ್ ಹೈಟ್. ಎರಡೂ ಹೆಸರು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಅಕ್ಕಪಕ್ಕವೇ ಇದ್ದವು. ಅಗಲದ ಕಥೆಯೂ ಅದೇ. ಒಳಗೆ ಅಳೆದರೆ 24 ಸಿಗುವುದಿಲ್ಲ, ಎರಡು ಕಡೆಯ ಗರ್ಟು, ಎರಡು ಕಡೆಯ ಕಂಬ ನುಂಗಿ 22 ಚಿಲ್ಲರೆ. ಅಗಲ ಅವರಿಗೆ ಧಾರಾಳವಾಗಿತ್ತು, ಹಾಗಾಗಿ ಆ ಮಾತು ಏಳಲಿಲ್ಲ. ನಾನೂ ಎತ್ತಲಿಲ್ಲ.

"ಇಪ್ಪತ್ತಡಿ ಅಂದ್ರಲ್ಲ ಸಾರ್ ನೀವು." ಸಾಹುಕಾರರು ಕೂಗಾಡಿದ್ದರೆ ಹಗುರವಾಗುತ್ತಿತ್ತು. ಅವರು ಮೆಲ್ಲಗೆ ಹೇಳಿದರು.

ಆಫೀಸಿನವರು ಸಹಿ ಹಾಕಿದ ಕಾಗದ ತೋರಿಸಿದರು. ಕಾಗದ ಸರಿಯಿತ್ತು. ಕಾಗದದ ಪ್ರಕಾರ ತಪ್ಪು ಯಾರದೂ ಅಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಅವತ್ತು ರಾತ್ರಿ ರೂಮಿನಲ್ಲಿ ನೋಟ್‌ಬುಕ್ ತೆಗೆದೆ. ಈವ್, ಸೂರು. ನನ್ನದೇ ಕೈಬರಹ. ಆ ಮಾರ್ಚ್ ತಿಂಗಳ ಹಜಾರದಲ್ಲಿ "ಸೂರಿನ ಎತ್ತರ ಸಾರ್" ಎಂದಿದ್ದರೆ? ತುಮಕೂರಿನ ಕಡೆಯವರಿಗೂ ಸೂರು ಗೊತ್ತು. ಮಳೆ ಬಂದಾಗ ನಿಲ್ಲುವುದು ಅದರ ಕೆಳಗೆ, ಅದು ಮನೆಯ ಹೊರಗಿನ ಸಂಗತಿ. ಸಾಹುಕಾರರು ಮರುಕ್ಷಣ ಕೇಳುತ್ತಿದ್ದರು, "ಅದ್ಸರಿ, ಒಳಗೆಷ್ಟು?" ನಮ್ಮೂರ ಮನೆಗಳಲ್ಲಿ ಸೂರು ತಗ್ಗು, ತಲೆ ಬಾಗಿಸಿ ಒಳಗೆ ಬಂದವನು ನಡುಮನೆಯಲ್ಲಿ ನೆಟ್ಟಗೆ ನಿಲ್ಲುತ್ತಾನೆ. ಈ ಶೆಡ್ಡಿನಲ್ಲಿ ಅದು ಉಲ್ಟಾ. ಸೂರು ಎತ್ತರ, ಒಳಗೆ ಬಂದರೆ ಅಂಚಿನಲ್ಲಿ ಮಂಡಿ ತಲೆಗೆ ತಾಗುತ್ತದೆ. ಗೊತ್ತಿದ್ದ ಪದ ಹಳ್ಳಿಯದು, ಬಡಗಿಯದು ಎಂದು ಬಾಯಿಗೆ ಬರಲಿಲ್ಲ.

ಎರಡೂ ಪಕ್ಕ ಸೇರಿ ಹದಿನಾಲ್ಕು ಕಡೆ ರ‍್ಯಾಕಿನ ಮೇಲಿನ ಒಂದು ಹಂತ ಕತ್ತರಿಸಿದರು. ಗ್ಯಾಸ್ ಕಟಿಂಗಿನ ಖರ್ಚನ್ನು ನನ್ನ ಸಂಬಳದಿಂದ ಮುರಿದುಕೊಳ್ಳಿ ಎಂದು ನಾನೇ ಬರೆದುಕೊಟ್ಟೆ. ಮ್ಯಾನೇಜರು ಆ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿ, ಖರ್ಚನ್ನು ಕಂಪನಿಯ ಲೆಕ್ಕಕ್ಕೆ ಬರೆದರು. ಆಯುಧಪೂಜೆಯ ದಿನ ಸಾಹುಕಾರರು ನನಗೂ ದಾದಾನಿಗೂ ಹೊಸ ಪಂಚೆ ಕೊಟ್ಟರು. ಬೂದುಗುಂಬಳ ಒಡೆದದ್ದು ಆ ಎರಡನೇ ರ‍್ಯಾಕಿನ ಮುಂದೆ.

ಆರು ವರ್ಷ ಕಳೆದು 2013ರಲ್ಲಿ ನಾನು ಬೇರೆ ಕಂಪನಿಯಲ್ಲಿದ್ದೆ. ಒಂದು ದಿನ ರಿಸೆಪ್ಷನ್ನಿನಿಂದ ಫೋನು, ತುಮಕೂರಿನಿಂದ ಯಾರೋ ಬಂದಿದ್ದಾರೆ ಎಂದು. ಸಾಹುಕಾರರು ಇನ್ನೊಂದು ಶೆಡ್ಡು ಕಟ್ಟಿಸುವವರಿದ್ದರು. ನನ್ನನ್ನು ಹುಡುಕಿಕೊಂಡು ಬಂದದ್ದು ನಂಬಿಕೆಯಿಂದಲೋ, ಹಳೆಯ ಲೆಕ್ಕ ತೀರಿಸಲೋ ಎಂದು ತಿಳಿಯದೆ ಕುರ್ಚಿ ಎಳೆದುಕೊಟ್ಟೆ.

"ಈ ಸಲ ನೀವೇನೂ ಹೇಳ್ಬೇಡಿ ಸಾರ್. ನಾನೇ ಬರ್ಕೊಂಡ್ ಬಂದಿದೀನಿ."

ಮಡಿಸಿದ ಕಾಗದ ಬಿಚ್ಚಿದರು. ಸ್ಕೇಲಿಟ್ಟು ಎಳೆದ ಶೆಡ್ಡಿನ ಚಿತ್ರ, ಒಳಗೆ ಒಂದು ರ‍್ಯಾಕು, ಪಕ್ಕದಲ್ಲಿ ಅಂಗಿ ಪ್ಯಾಂಟು ತೊಟ್ಟ ಒಬ್ಬ ಮನುಷ್ಯ. ಹೊರಗಿನ ಬಾಣದ ಗುರುತಿಗೆ 'ಸೂರು 24 ಅಡಿ', ಒಳಗಿನದಕ್ಕೆ 'ಮಂಡಿ ಕೆಳಗೆ 20 ಅಡಿ, ಕಡ್ಡಾಯ'. ಮಂಡಿ ಎಂಬ ಮಾತನ್ನು ನಾನು ಅವರಿಗೆ ಯಾವತ್ತು ಹೇಳಿದೆನೋ ನೆನಪಿಲ್ಲ. ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಕೆಳಗಿನ ಗೆರೆಯ ಮೇಲೆ ಬೆರಳಿಟ್ಟೆ.

"ಇದು ಯಾವ ನೆಲ ಸಾರ್? ಈಗಿರೋ ಮಣ್ಣಿನ ನೆಲಾನಾ, ಕಾಂಕ್ರೀಟು ಹಾಕಿ ಮುಗಿಸಿದ ನೆಲಾನಾ?"

ಸಾಹುಕಾರರು ನನ್ನನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿ, ಜೇಬಿನಿಂದ ಪೆನ್ನು ತೆಗೆದರು.